ಇಂಗ್ಲಿಷ್ ಹಾರ್ಬರ್‌ನಲ್ಲಿ ಲಂಗರು: ನಮ್ಮದು ಜಾರಿಲ್ಲ, ಆದರೂ ಹಿಂದಿನ ದೋಣಿ ಬಂದು ತಾಗಿತು. ಯಾಕೆ?

ನೀಲಿಹಾಯಿ | ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಕೆರಿಬಿಯನ್‌ನ ಆಂಟಿಗುವಾ ದ್ವೀಪಕ್ಕೆ ಹೋಗಿ ಬಂದೆವು. ನಾನು, ನನ್ನ ಹೆಂಡತಿ, ಭಾವಮೈದುನ, ಅವನ ಹದಿನಾಲ್ಕು ವರ್ಷದ ಮಗಳು. ಹತ್ತು ದಿನಕ್ಕೆ 40 ಅಡಿಯ ಹಾಯಿದೋಣಿ ಬಾಡಿಗೆಗೆ ತಗೊಂಡಿದ್ದೆವು. ನಾನಿರುವುದು ಟೊರಾಂಟೊದಲ್ಲಿ. ಒಂಟಾರಿಯೊ ಸರೋವರದಲ್ಲಿ ಆರು ಬೇಸಿಗೆ ದೋಣಿ ನಡೆಸಿದ್ದೇನೆ. ಆದರೆ ಅಲ್ಲಿ ಸಂಜೆಯಾದರೆ ಕಟ್ಟೆಗೆ ಬಂದು ಹಗ್ಗ ಕಟ್ಟುವುದೇ ರೂಢಿ. ರಾತ್ರಿಯಿಡೀ ಲಂಗರನ್ನು ನಂಬಿ ಮಲಗಿದ್ದು ಬಹಳ ಕಡಿಮೆ.

ಇಂಗ್ಲಿಷ್ ಹಾರ್ಬರ್ ಇರುವುದು ದ್ವೀಪದ ದಕ್ಷಿಣ ದಡದಲ್ಲಿ. ದೂರದಿಂದ ನೋಡಿದರೆ ಬರೀ ಗುಡ್ಡ. ಅಲ್ಲೊಂದು ಬಂದರು ಇದೆ ಅಂತ ಗೊತ್ತೇ ಆಗುವುದಿಲ್ಲ. ಹತ್ತಿರ ಹೋದ ಮೇಲೆ ಎಡಕ್ಕೆ ಬರ್ಕ್ಲಿ ಕೋಟೆ, ಬಲಕ್ಕೆ ಕಂಬ ಸಾಲಾಗಿ ನಿಲ್ಲಿಸಿದ ಹಾಗೆ ಸವೆದ ಬಂಡೆಗೋಡೆ, ನಡುವೆ ದಾರಿ. ಒಳಗೆ ಬಂದ ಕೂಡಲೇ ಅಲೆ ನಿಂತುಬಿಟ್ಟಿತು. ಮಧ್ಯಾಹ್ನವೆಲ್ಲ ಹೊರಗೆ ಎದ್ದು ಬಿದ್ದು ಬಂದ ನಮಗೆ ನಂಬಲಿಕ್ಕೇ ಆಗಲಿಲ್ಲ. "ಮಾಮಾ, ನಮ್ಮೂರ ಕೆರೆ ಥರ ಇದೆ" ಅಂದಳು ಹುಡುಗಿ.

ಒಳಗೆ ಬಲಗಡೆಗೆ ಫ್ರೀಮನ್ ಬೇ. ಮರಳಿನ ದಡ, ಮೇಲೆ ಶರ್ಲಿ ಹೈಟ್ಸ್ ಗುಡ್ಡ. ಆಗಲೇ ಇಪ್ಪತ್ತೈದು ದೋಣಿ ನಿಂತಿದ್ದವು. ಎರಡು ದೋಣಿಗಳ ಮಧ್ಯೆ ಒಳ್ಳೆ ಜಾಗ ಕಂಡಿತು. ಆಳ ಅಳೆಯುವ ಮೀಟರ್ 4 ಮೀಟರ್ ಅಂತ ತೋರಿಸಿತು. ಐದು ಪಟ್ಟು ಅಂದರೆ 20 ಮೀಟರ್ ಚೈನು ಬಿಟ್ಟೆವು. ಎಂಜಿನ್ ಹಿಂದಕ್ಕೆ ಓಡಿಸಿ ಎಳೆದು ನೋಡಿದೆ, ಲಂಗರು ಗಟ್ಟಿಯಾಗಿ ಕಚ್ಚಿತ್ತು. ನಮ್ಮ ಹಿಂದಿದ್ದ ಹಳೆಯ ಕಬ್ಬಿಣದ ದೋಣಿಯ ಮೂತಿಗೂ ನಮ್ಮ ಹಿಂಭಾಗಕ್ಕೂ 20 ಮೀಟರ್ ಅಂತರ ಇತ್ತು. ಲಂಗರು ಜಾರಿದರೆ ಕೂಗುವ ಜಿಪಿಎಸ್ ಅಲಾರಂ ಇಟ್ಟು ಮಲಗಿದೆವು.

ರಾತ್ರಿ ಎರಡೂ ಕಾಲಿಗೆ ಯಾರೋ ಕೂಗಿದರು. ಎದ್ದು ಓಡಿದೆ. ಗಾಳಿ ಪೂರ್ತಿ ಬಿದ್ದಿತ್ತು. ಆ ಕಬ್ಬಿಣದ ದೋಣಿಯ ಮೂತಿ ನಮ್ಮ ಹಿಂಭಾಗದ ಕಂಬಿಗೆ ತಾಗುತ್ತಿತ್ತು. ಅದರ ಯಜಮಾನರು, ಎಪ್ಪತ್ತರ ಹತ್ತಿರದವರು, ಒಬ್ಬರೇ ನಿಂತು ಕಾಲಿನಿಂದ ತಳ್ಳುತ್ತಿದ್ದರು. ನಾವೂ ಏಟು ತಡೆಯುವ ಮೆತ್ತೆ (ಫೆಂಡರ್) ಇಳಿಸಿ ಕೈಯಲ್ಲಿ ತಳ್ಳಿದೆವು. ಕಂಬಿ ಸ್ವಲ್ಪ ಬಾಗಿತು, ಅಷ್ಟೇ. ಯಾರಿಗೂ ಏಟಾಗಲಿಲ್ಲ.

ನನ್ನನ್ನು ಕಾಡುತ್ತಿರುವುದು ಇದು. ನಮ್ಮ ಲಂಗರು ಒಂದಡಿಯೂ ಜಾರಿರಲಿಲ್ಲ. ಅವರದ್ದೂ ಜಾರಿರಲಿಲ್ಲ. ಅಲಾರಂ ಹೊಡೆಯಲೇ ಇಲ್ಲ. ಇಷ್ಟು ರಕ್ಷಣೆ ಇರುವ ಬಂದರಿನಲ್ಲಿ, ಗಾಳಿಯೇ ಇಲ್ಲದ ಹೊತ್ತಿನಲ್ಲಿ, ಎರಡು ದೋಣಿ ತಾಗಿದ್ದು ಹೇಗೆ? ತಿಳಿದವರು ದಯವಿಟ್ಟು ಹೇಳಿ.


ಕಾಳಿ ಅಳಿವೆ | ಶನಿವಾರ, ರಾತ್ರಿ 10:25

ಯಾರಿಗೂ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ನಾನು 22 ವರ್ಷ ಸರಕು ಹಡಗಿನಲ್ಲಿದ್ದವನು, ಈಗ ಕಾರವಾರದಲ್ಲಿದ್ದೇನೆ. ನಮ್ಮಲ್ಲಿ ಚೈನನ್ನು ಮೀಟರಿನಲ್ಲಿ ಹೇಳುತ್ತಿರಲಿಲ್ಲ, ಶ್ಯಾಕಲ್ ಲೆಕ್ಕ. ಒಂದು ಶ್ಯಾಕಲ್ ಅಂದರೆ 27.5 ಮೀಟರ್. ನೀವು ರಾತ್ರಿಗೆ ಬಿಟ್ಟಿದ್ದು ಒಂದು ಶ್ಯಾಕಲ್ ಕೂಡ ಇಲ್ಲ. ನನಗೆ ಮೊದಲು ಕಣ್ಣಿಗೆ ಬಿದ್ದಿದ್ದು ಅದೇ.

ಒಂದು ಪ್ರಶ್ನೆ. ನಿಮ್ಮ ಮೀಟರ್ ತೋರಿಸಿದ 4 ಮೀಟರ್ ಎಲ್ಲಿಂದ ಎಲ್ಲಿಗೆ? ನೀರಿನ ಮೇಲ್ಮೈಯಿಂದ ತಳಕ್ಕೋ, ದೋಣಿಯ ಅಡಿಯಿಂದ ಕೆಳಕ್ಕೆ ಚಾಚಿರುವ ಕೀಲ್‌ನ ಕೆಳಗಿನಿಂದ ತಳಕ್ಕೋ? ಬಾಡಿಗೆ ದೋಣಿಗಳಲ್ಲಿ ಒಂದೊಂದರಲ್ಲಿ ಒಂದೊಂದು ಥರ ಇಟ್ಟಿರುತ್ತಾರೆ.


ನೀಲಿಹಾಯಿ | ಶನಿವಾರ, ರಾತ್ರಿ 10:50

ಸರ್, ಆ ಪ್ರಶ್ನೆ ಅವತ್ತೇ ಯಾರಾದರೂ ಕೇಳಬೇಕಿತ್ತು. ದೋಣಿ ವಾಪಸ್ ಕೊಡುವ ದಿನ ಗೊತ್ತಾಯಿತು, ಅದು ಕೀಲ್‌ನ ಕೆಳಗಿನ ಆಳ ತೋರಿಸುತ್ತಿತ್ತು. ಕೀಲ್ 2 ಮೀಟರ್. ಅಂದರೆ ನಿಜವಾದ ಆಳ 6 ಮೀಟರ್. ಬಾಡಿಗೆಗೆ ಕೊಟ್ಟವರು ಒಂದು ಗಂಟೆ ಎಲ್ಲ ವಿವರಿಸಿದರು. ಫ್ರಿಜ್ ಬಗ್ಗೆ ಹೇಳಿದರು, ಇದನ್ನು ಹೇಳಲಿಲ್ಲ. ಕೇಳುವುದು ನನ್ನ ಕೆಲಸವೂ ಆಗಿತ್ತು, ಒಪ್ಪುತ್ತೇನೆ. ಚೈನಿನ ಮೇಲಿನ ಬಣ್ಣದ ಗುರುತೂ ಅರ್ಧ ಅಳಿಸಿಹೋಗಿತ್ತು.


ಕಾಳಿ ಅಳಿವೆ | ಶನಿವಾರ, ರಾತ್ರಿ 11:05

ಹಾಗಾದರೆ ಲೆಕ್ಕ ನೋಡಿ. ನೀರು 6 ಮೀಟರ್. ಚೈನು ಇಳಿಯುವ ಮೂತಿ ನೀರಿನಿಂದ 1.3 ಮೀಟರ್ ಮೇಲೆ ಇರುತ್ತದೆ ಅಂದುಕೊಳ್ಳಿ. ಅದನ್ನೂ ಸೇರಿಸಬೇಕು, ಬಹಳ ಜನ ಬಿಡುತ್ತಾರೆ. ಒಟ್ಟು 7.3. ನೀವು ಬಿಟ್ಟಿದ್ದು 20. ಮೂರು ಪಟ್ಟು ಕೂಡ ಆಗಲಿಲ್ಲ. ಐದು ಪಟ್ಟು ಬೇಕಿದ್ದರೆ 36.5 ಮೀಟರ್ ಬಿಡಬೇಕಿತ್ತು. ಅವತ್ತು ಗಾಳಿ ಎದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು.


ಅಲೆಮನೆ | ಭಾನುವಾರ, ಬೆಳಿಗ್ಗೆ 6:15

ಕಾಳಿ ಅಳಿವೆ ಸರ್ ಹೇಳಿದ ಲೆಕ್ಕ ಸರಿ. ಆದರೆ ತಾಗಿದ್ದಕ್ಕೆ ಕಾರಣ ಅದಲ್ಲ. ಇನ್ನಷ್ಟು ಚೈನು ಬಿಟ್ಟಿದ್ದರೂ ಅವತ್ತು ತಾಗುತ್ತಿತ್ತು.

ನಾನು ಮತ್ತು ನಮ್ಮ ಮನೆಯವರು ಆರು ವರ್ಷದಿಂದ ಈ ದ್ವೀಪಗಳ ನಡುವೆ ದೋಣಿಯಲ್ಲೇ ಇದ್ದೇವೆ. ಊರು ಕುಮಟಾ. ಫ್ರೀಮನ್ ಬೇಯಲ್ಲಿ ಎಷ್ಟು ಸಲ ಲಂಗರು ಹಾಕಿದ್ದೇವೋ ಲೆಕ್ಕವಿಲ್ಲ. ಒಂದು ವಿಷಯ ಹೇಳಿ ತಮ್ಮಾ, ಆ ಹಿಂದಿನ ದೋಣಿಯವರು ಎಷ್ಟು ಬಿಟ್ಟಿದ್ದರು, ಅದು ಚೈನೋ ಹಗ್ಗವೋ, ಕೇಳಿದಿರಾ?


ನೀಲಿಹಾಯಿ | ಭಾನುವಾರ, ಬೆಳಿಗ್ಗೆ 7:30

ಕೇಳಿದೆ ಅಕ್ಕ. ಬೆಳಿಗ್ಗೆ ಡಿಂಗಿಯಲ್ಲಿ, ಅಂದರೆ ಜೊತೆಗಿದ್ದ ಪುಟ್ಟ ದೋಣಿಯಲ್ಲಿ, ಹೋಗಿ ಮಾತಾಡಿಸಿ ಬಂದೆ. ಅವರೇ ಚಹಾ ಕೊಟ್ಟರು. ಒಟ್ಟು 45 ಮೀಟರ್ ಬಿಟ್ಟಿದ್ದರಂತೆ. ಮೊದಲ 10 ಮೀಟರ್ ಚೈನು, ಉಳಿದದ್ದೆಲ್ಲ ನೈಲಾನ್ ಹಗ್ಗ.


ಅಲೆಮನೆ | ಭಾನುವಾರ, ಬೆಳಿಗ್ಗೆ 8:10

ಅಲ್ಲಿದೆ ಉತ್ತರ. ಒಂದು ಕಾಗದ ತಗೊಂಡು ಉದ್ದಕ್ಕೆ ಗೆರೆ ಎಳೆಯಿರಿ.

ಸಂಜೆ ಗಾಳಿ ಪೂರ್ವದಿಂದ. ಗೆರೆಯ ಒಂದು ತುದಿಯಲ್ಲಿ ನಿಮ್ಮ ಲಂಗರು, ಅದನ್ನು ಸೊನ್ನೆ ಅನ್ನೋಣ. ಅಲ್ಲಿಂದ ಹಿಂದಕ್ಕೆ 18-19 ಮೀಟರಿಗೆ ನಿಮ್ಮ ಮೂತಿ. ದೋಣಿ 12 ಮೀಟರ್, ಹಾಗಾಗಿ ನಿಮ್ಮ ಹಿಂಭಾಗ 31ರಲ್ಲಿ. ಇಪ್ಪತ್ತು ಮೀಟರ್ ಅಂತರ ಬಿಟ್ಟರೆ 51ರಲ್ಲಿ ಅವರ ಮೂತಿ. ಈಗ ಅವರ ಮೂತಿಯಿಂದ 44 ಮೀಟರ್ ಮುಂದಕ್ಕೆ ಎಣಿಸಿ. ಎಲ್ಲಿಗೆ ಬಂತು? ಏಳಕ್ಕೆ. ನಿಮ್ಮ ಲಂಗರಿನಿಂದ ಏಳು ಮೀಟರ್ ದೂರದಲ್ಲಿ ಅವರ ಲಂಗರು ಬಿದ್ದಿದೆ. ನಿಮ್ಮ ಇಡೀ ದೋಣಿ ಅವರ ಹಗ್ಗದ ಮೇಲೆ ನಿಂತಿದೆ.

ನಿಮಗೆ ಕಂಡ "ಒಳ್ಳೆ ಜಾಗ" ಖಾಲಿ ಇರಲಿಲ್ಲ. ನೀರಿನ ಮೇಲೆ ಖಾಲಿ ಕಾಣುತ್ತಿತ್ತು, ನೀರಿನ ಕೆಳಗೆ ಅದು ಅವರದ್ದು. ಗಾಳಿ ಇರುವ ತನಕ ಅವರ ದೋಣಿ ಹಗ್ಗ ಬಿಗಿದುಕೊಂಡು ಹಿಂದೆ ನಿಂತಿತ್ತು. ಗಾಳಿ ಬಿದ್ದಾಗ ಹಗ್ಗಕ್ಕೆ ಎಳೆಯುವವರು ಯಾರೂ ಇಲ್ಲ. ಸಣ್ಣ ಸುಳಿಗಾಳಿ ತಳ್ಳಿದರೂ ದೋಣಿ ತನ್ನ ಲಂಗರಿನ ಕಡೆಗೆ ತೇಲಿಕೊಂಡು ಬರುತ್ತದೆ. ನಿಮ್ಮದು ಪೂರ್ತಿ ಚೈನು. ಅದರ ಭಾರಕ್ಕೇ ನೀವು ಇದ್ದಲ್ಲೇ ಇದ್ದಿರಿ. ಅವರು ಬಂದರು, ನೀವು ಸರಿಯಲಿಲ್ಲ.

ಲಂಗರು ಹಾಕುವ ಜಾಗ ಹುಡುಕುವಾಗ ನಾವೆಲ್ಲ ದೋಣಿಗಳ ಮಧ್ಯೆ ಖಾಲಿ ನೀರು ನೋಡುತ್ತೇವೆ. ನೋಡಬೇಕಾದ್ದು ಅವರವರ ಲಂಗರು ಎಲ್ಲಿದೆ ಅಂತ. ನಾನೂ ಇದನ್ನು ಪೆಟ್ಟು ತಿಂದೇ ಕಲಿತಿದ್ದು.

ನಾವು ಮಾಡುವುದು ಹೀಗೆ. ಮೊದಲು ಒಂದು ಸುತ್ತು ನಿಧಾನ ಹೋಗುತ್ತೇವೆ. ಪ್ರತಿ ದೋಣಿಯ ಮೂತಿ ನೋಡುತ್ತೇವೆ: ಚೈನು ಇಳಿದಿದೆಯಾ, ಹಗ್ಗ ಇಳಿದಿದೆಯಾ, ನೆಟ್ಟಗೆ ಇಳಿದಿದೆಯಾ, ಓರೆಯಾಗಿ ದೂರ ಹೋಗಿದೆಯಾ. ಡೆಕ್ ಮೇಲೆ ಯಾರಾದರೂ ಇದ್ದರೆ ಕೇಳಿಯೇ ಬಿಡುತ್ತೇವೆ, ಎಷ್ಟು ಬಿಟ್ಟಿದ್ದೀರಿ ಅಂತ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಮೇಲೆ ಗಾಳಿಗೆ ಎದುರಾಗಿ, ಮುಂದೆ ನಿಂತಿರುವ ದೋಣಿಯ ಹಿಂಭಾಗದ ಹತ್ತಿರದ ತನಕ ಹೋಗಿ ಅಲ್ಲಿ ಲಂಗರು ಇಳಿಸುತ್ತೇವೆ. ಅಷ್ಟು ಹತ್ತಿರ ಹೋಗುವಾಗ ಎದೆ ಹೊಡೆದುಕೊಳ್ಳುತ್ತದೆ. ಆದರೆ ಚೈನು ಬಿಡುತ್ತಾ ಹಿಂದೆ ಸರಿದಾಗ ಅಂತರ ತಾನಾಗಿ ಸಿಗುತ್ತದೆ.


ಕುತೂಹಲಿ | ಭಾನುವಾರ, ಬೆಳಿಗ್ಗೆ 9:00

ನಾನು ಸಮುದ್ರ ನೋಡಿದ್ದೇ ಮೂರು ಸಲ. ಆದರೂ ಕೇಳುತ್ತೇನೆ. ಗುಡ್ಡದ ಮಧ್ಯೆ ಇರುವ ಬಂದರಿನಲ್ಲಿ ಗಾಳಿ ಒಂದೇ ಕಡೆಯಿಂದ ಬರಬೇಕಲ್ವಾ? ಎಲ್ಲ ದೋಣಿಗಳೂ ಒಟ್ಟಿಗೆ ತಿರುಗುವುದಿಲ್ಲವಾ?


ಅಲೆಮನೆ | ಭಾನುವಾರ, ಬೆಳಿಗ್ಗೆ 9:20

ಬಯಲು ಸಮುದ್ರದಲ್ಲಾದರೆ ಹಾಗೇ ತಿರುಗುತ್ತವೆ. ಫ್ರೀಮನ್ ಬೇ ಹೆಸರುವಾಸಿಯಾಗಿರುವುದೇ ಇದರ ಉಲ್ಟಾ ವಿಷಯಕ್ಕೆ. ಪೂರ್ವದ ಗಾಳಿ ಶರ್ಲಿ ಹೈಟ್ಸ್ ಗುಡ್ಡ ಹತ್ತಿ ಈ ಕಡೆ ಬೀಳುವಾಗ ಸುಳಿ ಸುತ್ತುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಹತ್ತು ದೋಣಿ ಹತ್ತು ದಿಕ್ಕಿಗೆ ಮುಖ ಮಾಡಿರುತ್ತವೆ. ಎರಡು ಒಡಲಿನ ಅಗಲ ದೋಣಿ, ಅಂದರೆ ಕ್ಯಾಟಮರಾನ್, ಗಾಳಿಗೆ ಬೇಗ ತಿರುಗುತ್ತದೆ. ಆಳ ಕೀಲ್ ಇರುವ ದೋಣಿ ನೀರಿನ ಮಾತು ಜಾಸ್ತಿ ಕೇಳುತ್ತದೆ. ಗುಡ್ಡ ಅಲೆಯನ್ನು ತಡೆಯುತ್ತದೆ, ಗಾಳಿಯನ್ನು ಕಲಕುತ್ತದೆ. ಆಶ್ರಯ ಇರುವ ಬಂದರಿನ ಸ್ವಭಾವವೇ ಅದು.


ಲೆಕ್ಕದ ಮೇಷ್ಟ್ರು | ಭಾನುವಾರ, ಬೆಳಿಗ್ಗೆ 11:45

ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ದೋಣಿ ನಡೆಸಿಲ್ಲ. ಆದರೆ ಚೈನಿನ ಬಗ್ಗೆ ಎರಡು ಮಾತು ಹೇಳಬಹುದು.

8 ಮಿಲಿಮೀಟರ್ ಚೈನು ಮೀಟರಿಗೆ ಸುಮಾರು 1.4 ಕೆಜಿ ತೂಗುತ್ತದೆ. 10 ಮಿಲಿಮೀಟರಿನದ್ದು ಸುಮಾರು 2.3 ಕೆಜಿ. ಗಾಳಿ ಕಡಿಮೆ ಇದ್ದಾಗ ಚೈನಿನ ಬಹುಪಾಲು ತಳದಲ್ಲಿ ಸುಮ್ನೆ ಮಲಗಿರುತ್ತದೆ. ಆಗ ದೋಣಿಯನ್ನು ಹಿಡಿದಿರುವುದು ಲಂಗರಲ್ಲ, ಆ ಮಲಗಿದ ತೂಕ. ನೀಲಿಹಾಯಿ ಅವರ ದೋಣಿ ಅಲುಗದೆ ಇದ್ದದ್ದು ಅದಕ್ಕೇ. ನೈಲಾನ್ ಹಗ್ಗಕ್ಕೆ ನೀರಿನಲ್ಲಿ ತೂಕವೇ ಇಲ್ಲ ಅನ್ನಬಹುದು.

ಗಾಳಿ ಜೋರಾದರೆ ಆಟ ಬದಲಾಗುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ದೋಣಿಯ ಮೇಲಿನ ಒತ್ತಡ ನಾಲ್ಕರಷ್ಟು. 15 ನಾಟ್ (ಸಮುದ್ರದಲ್ಲಿ ವೇಗದ ಅಳತೆ) ಗಾಳಿ 30 ಆದರೆ ನಾಲ್ಕು ಪಟ್ಟು ಎಳೆತ. ಆಗ ಚೈನು ಪೂರ್ತಿ ಎದ್ದು ಬಿಗಿ ತಂತಿಯ ಹಾಗೆ ನೇರವಾಗುತ್ತದೆ. ತೂಕದ ಉಪಯೋಗ ಮುಗಿಯಿತು. ಲಂಗರನ್ನು ಎಷ್ಟು ಅಡ್ಡಕ್ಕೆ ಎಳೆಯುತ್ತೀರಿ, ಎಷ್ಟು ಮೇಲಕ್ಕೆ ಎಳೆಯುತ್ತೀರಿ ಅನ್ನುವುದಷ್ಟೇ ಉಳಿಯುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಆಳದ ಐದು ಪಟ್ಟು ಅನ್ನುವ ನಿಯಮದ ಹಿಂದೆ ಇರುವುದು ಈ ಕೋನ.

ಇನ್ನೊಂದು ವಿಷಯ ನನಗೆ ಬಹಳ ಇಷ್ಟ. ನೇಗಿಲಿನ ಆಕಾರದ ಸಿಕ್ಯೂಆರ್ ಲಂಗರನ್ನು 1933ರಲ್ಲಿ ಮಾಡಿದವರು ಜಿ.ಐ. ಟೇಲರ್. ದ್ರವಗಳ ಚಲನೆ ಓದಿದವರೆಲ್ಲ ಆ ಹೆಸರು ಕೇಳಿರುತ್ತಾರೆ. ಅಷ್ಟು ದೊಡ್ಡ ವಿಜ್ಞಾನಿ ಸ್ವತಃ ಹಾಯಿದೋಣಿ ನಡೆಸುತ್ತಿದ್ದರು. ಲಂಗರು ಭಾರವಾಗಿದ್ದರೆ ಸಾಲದು, ಮಣ್ಣಿನೊಳಗೆ ತಾನಾಗಿ ಇಳಿಯಬೇಕು ಅನ್ನುವುದು ಅವರ ಯೋಚನೆ. ನಮ್ಮ ರೈತರ ನೇಗಿಲೂ ಹಾಗೇ ತಾನೇ? ಎಳೆದಷ್ಟೂ ಒಳಗೆ ಹೋಗಬೇಕು.

ಅಲೆಮನೆ ಅವರ ಗೆರೆಗೆ ಒಂದು ಸೇರಿಕೆ. ನಿಮ್ಮ ದೋಣಿ ತಿರುಗುವ ವೃತ್ತದ ತ್ರಿಜ್ಯ 31 ಮೀಟರ್. ಹಿಂದಿನವರದ್ದು, ದೋಣಿಯ ಉದ್ದ ಅಷ್ಟೇ ಅಂದುಕೊಂಡರೆ, 56. ಯಾವ ದಿಕ್ಕಿಗೆ ತಿರುಗಿದರೂ ತಾಗಬಾರದು ಅಂದರೆ ಎರಡು ಲಂಗರುಗಳ ನಡುವೆ 87 ಮೀಟರ್ ಬೇಕು. ಇದ್ದದ್ದು ಏಳು.


ಅಲೆಮನೆ | ಭಾನುವಾರ, ಮಧ್ಯಾಹ್ನ 12:30

ಮೇಷ್ಟ್ರೇ, ನಮಸ್ಕಾರ. ನೀವು ಹೇಳಿದ 87 ಮೀಟರ್ ಜನವರಿಯಲ್ಲಿ ಅಲ್ಲಿ ಯಾರಿಗೂ ಸಿಗುವುದಿಲ್ಲ. ಹಾಗಾಗಿ ನಾವು ನೆರೆಯವರನ್ನು ಆರಿಸಿಕೊಳ್ಳುತ್ತೇವೆ. ಚೈನಿನ ದೋಣಿ ಚೈನಿನವರ ಪಕ್ಕ, ನಮ್ಮಷ್ಟೇ ಉದ್ದದವರ ಪಕ್ಕ. ಆಗ ವೃತ್ತಗಳು ಒಂದರ ಮೇಲೊಂದು ಬಂದರೂ ಎರಡೂ ದೋಣಿ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ. ಹಗ್ಗದ ದೋಣಿ, ಕ್ಯಾಟಮರಾನ್, ದೊಡ್ಡ ಮೋಟರ್ ದೋಣಿ, ಇವುಗಳಿಂದ ದೂರ.

ಮೊದಲು ಬಂದವರ ಹಕ್ಕು ಮೊದಲು. ಆಮೇಲೆ ಬಂದವರು ಸರಿಯಬೇಕು. ಇದು ಎಲ್ಲ ಕಡೆ ನಡೆಯುವ ಪದ್ಧತಿ.


ಮಲ್ಪೆ ದಕ್ಕೆ | ಭಾನುವಾರ, ಸಂಜೆ 5:10

ಓದಿ ಖುಷಿಯಾಯಿತು. ನಮ್ಮದು ಮೀನುಗಾರರ ಮನೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇರುವಾಗ ಬೋಟುಗಳು ದಕ್ಕೆಯಲ್ಲಿ ಒಂದಕ್ಕೊಂದು ಕಟ್ಟಿಕೊಂಡು ನಿಲ್ಲುತ್ತವೆ. ಮಧ್ಯೆ ಟಯರು. ಎಲ್ಲವೂ ಒಟ್ಟಿಗೆ ಅಲುಗುತ್ತವೆ, ಅದಕ್ಕೇ ಏನೂ ಆಗುವುದಿಲ್ಲ. ಒಂದು ಬೋಟಿನ ಹಗ್ಗ ಸಡಿಲ, ಪಕ್ಕದ್ದು ಬಿಗಿ ಆದರೆ ಮಾತ್ರ ಕಿತಾಪತಿ. ಅಕ್ಕ ಹೇಳಿದ ಮಾತು ನಮಗೆ ಅಲ್ಲಿಂದಲೇ ಗೊತ್ತಿತ್ತು ಅನಿಸಿತು.

ನಮ್ಮ ಅಜ್ಜ ತಾಂಡೇಲರಾಗಿದ್ದರು, ಅಂದರೆ ಬೋಟಿನ ಮುಖ್ಯಸ್ಥರು. ಲಂಗರು ಹಾಕಿದ ಮೇಲೆ ಹಗ್ಗದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂರುತ್ತಿದ್ದರು. ಲಂಗರು ಜಾರುತ್ತಿದ್ದರೆ ಹಗ್ಗ ಗಡಗಡ ನಡುಗುತ್ತದೆ. ಕಚ್ಚಿದ್ದರೆ ಬಿಗಿಯುತ್ತದೆ, ಸಡಿಲವಾಗುತ್ತದೆ, ನಡುಗುವುದಿಲ್ಲ. ಅಲಾರಂ ಇಲ್ಲದ ಕಾಲ. ಆಳ ನೋಡಲು ಹಗ್ಗಕ್ಕೆ ಸೀಸದ ತುಂಡು ಕಟ್ಟಿ ಇಳಿಸಿ ಮಾರು ಲೆಕ್ಕದಲ್ಲಿ ಅಳೆಯುತ್ತಿದ್ದರು. ಅದರಲ್ಲಿ ಒಂದು ಅನುಕೂಲ ಇತ್ತು: ಮೇಲ್ಮೈಯಿಂದ ತಳದ ತನಕದ ಆಳ ಅದು. ಕೀಲ್ ಗೊಂದಲವೇ ಇಲ್ಲ.


ನೀಲಿಹಾಯಿ | ಭಾನುವಾರ, ರಾತ್ರಿ 8:20

ಮಲ್ಪೆ ದಕ್ಕೆ ಅವರೇ, ಅಂಗೈ ಇಡುವ ವಿಷಯ ಎಲ್ಲಿಯೂ ಯಾರೂ ಹೇಳಿರಲಿಲ್ಲ. ಖಂಡಿತ ಮಾಡಿ ನೋಡುತ್ತೇನೆ.

ಕಾಗದದ ಮೇಲೆ ಗೆರೆ ಎಳೆದು ಹೆಂಡತಿಗೂ ತೋರಿಸಿದೆ. ಇಬ್ಬರೂ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆವು. ಆ ಹಿರಿಯರು ಚಹಾ ಕೊಡುವಾಗ ನಮ್ಮದು ತಪ್ಪು ಅಂತ ಒಂದು ಮಾತೂ ಆಡಲಿಲ್ಲ. ನಾವು ಅವರ ಲಂಗರಿನ ಮೇಲೆ ನಿಂತಿದ್ದೇವೆ ಅಂತ ಅವರಿಗೆ ಸಂಜೆಯೇ ಗೊತ್ತಿದ್ದಿರಬೇಕು. ಅದಕ್ಕೇ ಅವರು ಎಚ್ಚರ ಇದ್ದರು ಅಂತ ಈಗ ಹೊಳೆಯುತ್ತಿದೆ.

ಇನ್ನೊಂದು ಪ್ರಶ್ನೆ. ಮೂರನೇ ದಿನ ನಾವು ಒಳಗೆ ನೆಲ್ಸನ್ಸ್ ಡಾಕ್‌ಯಾರ್ಡಿನ ಕಟ್ಟೆಗೆ ಹೋದೆವು. ಅಲ್ಲಿ ಮುಂದೆ ಲಂಗರು ಬಿಟ್ಟು, ಹಿಂಭಾಗವನ್ನು ಕಟ್ಟೆಗೆ ಕಟ್ಟಬೇಕು. ಹೊರಡುವ ದಿನ ಲಂಗರು ಬರಲೇ ಇಲ್ಲ. ಕೆಳಗೆ ಹಳೆಯ ದೊಡ್ಡ ಚೈನಿಗೆ ಸಿಕ್ಕಿಕೊಂಡಿತ್ತು. ಮುಳುಗುವವರನ್ನು ಕರೆಸಿ ಬಿಡಿಸಬೇಕಾಯಿತು. ಇದನ್ನು ತಪ್ಪಿಸುವುದು ಹೇಗೆ?


ಅಲೆಮನೆ | ಭಾನುವಾರ, ರಾತ್ರಿ 9:00

ಆ ಚೈನುಗಳು ಬಹಳ ಜನರನ್ನು ಹಿಡಿದಿವೆ. ಚಂಡಮಾರುತ ಬಂದಾಗ ಹಡಗುಗಳನ್ನು ಕಟ್ಟಿಕೊಳ್ಳಲು ಹಿಂದಿನ ಕಾಲದಲ್ಲಿ ಹಾಸಿದ ಭಾರೀ ಚೈನುಗಳು ಒಳಬಂದರಿನ ತಳದಲ್ಲಿ ಇನ್ನೂ ಬಿದ್ದಿವೆ.

ಆ ಜಾಗದ ಕಥೆಯೇ ಹಾಗೆ. 1720ರ ದಶಕದಿಂದ ಬ್ರಿಟಿಷ್ ನೌಕಾಪಡೆ ಅಲ್ಲಿ ಹಡಗು ರಿಪೇರಿ ಮಾಡುತ್ತಿತ್ತು. ಸಕ್ಕರೆ ದ್ವೀಪಗಳ ಕಾವಲಿಗೆ ಬಂದ ಹಡಗುಗಳು ಚಂಡಮಾರುತದ ತಿಂಗಳುಗಳಲ್ಲಿ ಅಲ್ಲಿ ಅಡಗುತ್ತಿದ್ದವು. ಬ್ರಿಟಿಷ್ ನೌಕಾಧಿಕಾರಿ ನೆಲ್ಸನ್ 1784ರಲ್ಲಿ ಬಂದವನು 1787ರ ತನಕ ಇದ್ದ. 1889ರಲ್ಲಿ ನೌಕಾಪಡೆ ಬಿಟ್ಟು ಹೋಯಿತು. 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಹೆಸರು ನೆಲ್ಸನ್‌ದಾದರೂ ಅಲ್ಲಿಯ ಕಲ್ಲು ಹೊತ್ತವರು, ಗೋಡೆ ಕಟ್ಟಿದವರು ಆಫ್ರಿಕಾದಿಂದ ಗುಲಾಮರಾಗಿ ತಂದ ಜನ, ಅವರ ಮಕ್ಕಳು, ಮೊಮ್ಮಕ್ಕಳು. ಆ ಕಟ್ಟೆಯ ಕಲ್ಲಿಗೆ ಹಗ್ಗ ಸುತ್ತುವಾಗ ನನಗೆ ಪ್ರತಿ ಸಲವೂ ಅದು ನೆನಪಾಗುತ್ತದೆ.

ಉಪಾಯಕ್ಕೆ ಬರೋಣ. ಲಂಗರಿನ ತಲೆಭಾಗಕ್ಕೆ ಬೇರೆ ಒಂದು ತೆಳು ಹಗ್ಗ ಕಟ್ಟಿ ಇಳಿಸಿ. ಟ್ರಿಪ್ ಲೈನ್ ಅನ್ನುತ್ತಾರೆ. ಸಿಕ್ಕಿಕೊಂಡರೆ ಅದನ್ನು ಎಳೆಯಿರಿ, ಲಂಗರು ಹಿಮ್ಮುಖವಾಗಿ ಬಿಡಿಸಿಕೊಂಡು ಬರುತ್ತದೆ.


ಕಾಳಿ ಅಳಿವೆ | ಭಾನುವಾರ, ರಾತ್ರಿ 9:35

ಟ್ರಿಪ್ ಲೈನಿಗೆ ತೇಲುವ ಬುರುಡೆ ಕಟ್ಟಿ ಬಿಡುತ್ತಾರಲ್ಲ, ಅದಕ್ಕೆ ನನ್ನ ವಿರೋಧ ಇದೆ. ಕಿಕ್ಕಿರಿದ ಬಂದರಿನಲ್ಲಿ ಕತ್ತಲಾದ ಮೇಲೆ ಬರುವ ಡಿಂಗಿಯ ಪ್ರೊಪೆಲ್ಲರಿಗೆ ಆ ಹಗ್ಗ ಸುತ್ತಿಕೊಳ್ಳುತ್ತದೆ. ಇನ್ನು ಕೆಲವರು ಅದನ್ನು ದೋಣಿ ಕಟ್ಟುವ ಬಾಯ್ (ನೀರಿನ ಮೇಲೆ ತೇಲುವ ಗುರುತು) ಅಂದುಕೊಂಡು ಎತ್ತಿ ಕಟ್ಟಿಯೇ ಬಿಡುತ್ತಾರೆ. ನಿಮ್ಮ ಲಂಗರು ಕಿತ್ತು ಬಂತು ಅಂತಲೇ ಲೆಕ್ಕ.


ಅಲೆಮನೆ | ಭಾನುವಾರ, ರಾತ್ರಿ 9:50

ಇದರಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪಿದೆ ಸರ್. ನಾವು ಬುರುಡೆ ಬಿಡುವುದಿಲ್ಲ. ಟ್ರಿಪ್ ಲೈನಿನ ಇನ್ನೊಂದು ತುದಿಯನ್ನು ಸಡಿಲವಾಗಿ ನಮ್ಮ ಮೂತಿಗೇ ತಂದು ಕಟ್ಟುತ್ತೇವೆ. ಅದೂ ಒಳಗೆ ಕಟ್ಟೆಗೆ ಹೋದಾಗ ಮಾತ್ರ. ಫ್ರೀಮನ್ ಬೇಯಲ್ಲಿ ಹಾಕುವುದಿಲ್ಲ. ಅಲ್ಲಿ ದೋಣಿ ಸುತ್ತಿ ಸುತ್ತಿ ಚೈನಿಗೂ ಟ್ರಿಪ್ ಲೈನಿಗೂ ಜಡೆ ಹೆಣೆದುಬಿಡುತ್ತದೆ.


ಕಾಳಿ ಅಳಿವೆ | ಭಾನುವಾರ, ರಾತ್ರಿ 10:10

ಸರಿ. ಆದರೆ ಚೈನಿನ ಉದ್ದದ ವಿಷಯ ನಾನು ಬಿಡುವುದಿಲ್ಲ. ನೀವು ಫ್ರೀಮನ್ ಬೇಯಲ್ಲಿ ಎಷ್ಟು ಬಿಡುತ್ತೀರಿ?


ಅಲೆಮನೆ | ಭಾನುವಾರ, ರಾತ್ರಿ 10:30

ನಾಲ್ಕು ಪಟ್ಟು. ಮೊದಲು ಆರು ಪಟ್ಟು ಬಿಟ್ಟು, ಎಂಜಿನ್ ಹಿಂದಕ್ಕೆ ಜೋರಾಗಿ ಓಡಿಸಿ ಲಂಗರು ಹೂಳುವ ಹಾಗೆ ಮಾಡುತ್ತೇವೆ. ದಡದ ಒಂದು ಮರ, ಅದರ ಹಿಂದೆ ಒಂದು ಕಟ್ಟಡದ ಮೂಲೆ, ಎರಡನ್ನೂ ಒಂದೇ ಗೆರೆಯಲ್ಲಿ ಇಟ್ಟು ನೋಡುತ್ತಿರುತ್ತೇನೆ. ಗೆರೆ ಕದಲದಿದ್ದರೆ ಕಚ್ಚಿದೆ. ಆಮೇಲೆ ಚೈನು ಒಳಗೆ ಎಳೆದುಕೊಂಡು ನಾಲ್ಕು ಪಟ್ಟಿಗೆ ತರುತ್ತೇವೆ. ಗಾಳಿ ಏಳುವ ಸುದ್ದಿ ಇದ್ದರೆ ಅಲ್ಲಿ ನಿಲ್ಲುವುದೇ ಇಲ್ಲ, ಪಕ್ಕದ ಫಾಲ್ಮತ್ ಹಾರ್ಬರ್‌ಗೆ ಹೋಗುತ್ತೇವೆ. ಅದು ವಿಶಾಲ, ಬೇಕಾದಷ್ಟು ಚೈನು ಬಿಡಬಹುದು.


ಕಾಳಿ ಅಳಿವೆ | ಭಾನುವಾರ, ರಾತ್ರಿ 10:40

ಆರು ವರ್ಷ ಅಲ್ಲೇ ಇರುವವರು ನಾಲ್ಕು ಪಟ್ಟಿಗೆ ನಿಲ್ಲಬಹುದು. ಮೊದಲ ಸಲ ಹೋಗುವವರಿಗೆ ನಾನು ಐದಕ್ಕಿಂತ ಕಡಿಮೆ ಹೇಳಲಾರೆ. ಜಾಗ ಸಾಲದಿದ್ದರೆ ಬೇರೆ ಬಂದರು ನೋಡಿಕೊಳ್ಳಿ. ಮಳೆಮೋಡದ ಜೊತೆ ಬರುವ ಹಠಾತ್ ಗಾಳಿ ಮುನ್ಸೂಚನೆಯಲ್ಲಿ ಬರುವುದಿಲ್ಲ. ಇದರಲ್ಲಿ ನಾವಿಬ್ಬರೂ ಬೇರೆ ಬೇರೆ ಅಭಿಪ್ರಾಯದಲ್ಲೇ ಇರೋಣ ತಂಗಿ.

ಇನ್ನೊಂದು. ನಮ್ಮ ಭಾರತದಲ್ಲಿ ಬಂದರಿಗೆ ಒಳಬರುವಾಗ ಕೆಂಪು ಬಾಯ್ ಎಡಕ್ಕೆ. ಅಮೆರಿಕ, ಕೆರಿಬಿಯನ್ ಕಡೆ ಅದು ಬಲಕ್ಕೆ. ಇಲ್ಲಿ ಕಲಿತು ಅಲ್ಲಿಗೆ ಹೋಗುವವರು ಇದನ್ನು ಅಂಗೈ ಮೇಲೆ ಬರೆದುಕೊಳ್ಳಿ. ರಾತ್ರಿ ಲಂಗರಿನ ಮೇಲಿದ್ದಾಗ ಸುತ್ತಲೂ ಕಾಣುವ ಬಿಳಿ ದೀಪ, ಹಗಲು ಮೂತಿಯ ಕಡೆ ಕಪ್ಪು ಚೆಂಡು. ಸಣ್ಣ ದೋಣಿಯವರು ಚೆಂಡು ಹಾಕುವುದನ್ನು ಬಿಟ್ಟೇಬಿಟ್ಟಿದ್ದಾರೆ, ಅದು ಸರಿಯಲ್ಲ.


ಕುತೂಹಲಿ | ಸೋಮವಾರ, ಬೆಳಿಗ್ಗೆ 7:15

ಆಂಟಿಗುವಾ ಅಂದ ಕೂಡಲೇ ನನಗೆ ಅನಿಲ್ ಕುಂಬ್ಳೆ ನೆನಪಾಯಿತು. 2002ರ ಮೇ ತಿಂಗಳು, ಮುರಿದ ದವಡೆಗೆ ಬಟ್ಟೆ ಕಟ್ಟಿಕೊಂಡು 14 ಓವರ್ ಹಾಕಿ ಲಾರಾನ ವಿಕೆಟ್ ತೆಗೆದದ್ದು ಅಲ್ಲೇ ಅಲ್ವಾ? ಸೇಂಟ್ ಜಾನ್ಸ್‌ನಲ್ಲಿ. ವಿಷಯ ಬಿಟ್ಟು ಮಾತಾಡಿದ್ದಕ್ಕೆ ಕ್ಷಮಿಸಿ.


ಅಲೆಮನೆ | ಸೋಮವಾರ, ಬೆಳಿಗ್ಗೆ 7:50

ಅಲ್ಲೇ. ಆ ಹಳೆಯ ಮೈದಾನ ಈಗಲೂ ಇದೆ. ಇಂಗ್ಲಿಷ್ ಹಾರ್ಬರ್‌ಗೂ ಕನ್ನಡದವರ ನಂಟು ಇದೆ. ಬೆಂಗಳೂರು ಮೂಲದ ಅನನ್ಯಾ ಪ್ರಸಾದ್ ಕ್ಯಾನರಿ ದ್ವೀಪದ ಲಾ ಗೊಮೆರಾದಿಂದ ಒಬ್ಬರೇ ಹುಟ್ಟು ಹಾಕಿಕೊಂಡು ಅಟ್ಲಾಂಟಿಕ್ ದಾಟಿ, 52 ದಿನಗಳ ನಂತರ 2025ರ ಜನವರಿ ಕೊನೆಗೆ ಬಂದು ಇಳಿದದ್ದು ಆಂಟಿಗುವಾದಲ್ಲೇ. ಅಟ್ಲಾಂಟಿಕ್ ದಾಟುವ ಆ ಹುಟ್ಟುದೋಣಿ ಓಟದ ಕೊನೆ ಇರುವುದು ಇದೇ ಬಂದರಿನಲ್ಲಿ. ಬರ್ಕ್ಲಿ ಕೋಟೆಯ ಪಕ್ಕದ ಅದೇ ದಾರಿಯಲ್ಲಿ ನಾವು ಎಂಜಿನ್ ಹಾಕಿಕೊಂಡು ಬರುತ್ತೇವೆ. ಅವರು ಹುಟ್ಟು ಹಾಕಿಕೊಂಡು ಬಂದರು. ನೆನೆಸಿಕೊಂಡರೆ ಕಣ್ಣು ತುಂಬುತ್ತದೆ.


ನೀಲಿಹಾಯಿ | ಸೋಮವಾರ, ರಾತ್ರಿ 9:15

ಎಲ್ಲರಿಗೂ ಮನಸ್ಸು ತುಂಬಿ ವಂದನೆ. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡೆ. ದೋಣಿ ಕೈಗೆ ಬಂದ ಕೂಡಲೇ ಸೀಸದ ತುಂಡು ಕಟ್ಟಿದ ಹಗ್ಗ ಇಳಿಸಿ ಮೀಟರಿನ ಜೊತೆ ಹೋಲಿಸುತ್ತೇನೆ. ಚೈನಿಗೆ ನಾನೇ ಐದೈದು ಮೀಟರಿಗೆ ಬಣ್ಣದ ದಾರ ಕಟ್ಟುತ್ತೇನೆ. ಅಲಾರಂ ನನ್ನ ಲಂಗರು ಜಾರಿದರೆ ಮಾತ್ರ ಹೇಳುತ್ತದೆ, ಪಕ್ಕದವರು ಬಂದರೆ ಹೇಳುವುದಿಲ್ಲ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಆ ಹಿರಿಯರ ದೋಣಿಯ ಹೆಸರು ಗೊತ್ತು. ಅಕ್ಕ, ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ. ಎಲ್ಲಾದರೂ ಕಂಡರೆ ನನ್ನ ಕ್ಷಮೆ ತಲುಪಿಸಿ.


ಅಲೆಮನೆ | ಮುಂದಿನ ಶುಕ್ರವಾರ, ಬೆಳಿಗ್ಗೆ 6:40

ನಿನ್ನೆ ಸಂಜೆ ಫ್ರೀಮನ್ ಬೇಗೆ ಬಂದೆವು ತಮ್ಮಾ. ಮೂವತ್ತು ದೋಣಿ ಇದ್ದವು. ಎರಡು ಸಲ ಲಂಗರು ಹಾಕಿ ಎರಡು ಸಲವೂ ಎತ್ತಿದೆವು. ಮೊದಲ ಸಲ ನೀರುಹುಲ್ಲಿನ ಮೇಲೆ ಬಿತ್ತು. ಹುಲ್ಲಿನಲ್ಲಿ ಲಂಗರು ಕಚ್ಚುವುದಿಲ್ಲ, ಆಮೆಗಳು ತಿನ್ನುವ ಹುಲ್ಲನ್ನು ಕಿತ್ತ ಪಾಪ ಬೇರೆ. ಎರಡನೇ ಸಲ ಕ್ಯಾಟಮರಾನ್ ತೀರಾ ಹತ್ತಿರ ಅನಿಸಿತು. ಮೂರನೇ ಸಲ ಬಿಳಿ ಮರಳು ಸಿಕ್ಕಿತು. ಕತ್ತಲಾಗಲು ಹತ್ತು ನಿಮಿಷ ಉಳಿದಿತ್ತು.

ರಾತ್ರಿ ಮೂರಕ್ಕೆ ಗಾಳಿ ಬಿತ್ತು, ನನಗೆ ಎಚ್ಚರವಾಯಿತು. ಮೇಲೆ ಹೋಗಿ ಚೈನಿನ ಮೇಲೆ ಅಂಗೈ ಇಟ್ಟು ಕೂತೆ. ಮಲ್ಪೆ ಅಜ್ಜನ ಹಾಗೆ. ತಣ್ಣಗೆ, ಸುಮ್ಮನೆ ಇತ್ತು. ದಡದಲ್ಲಿ ಮರಗಪ್ಪೆಗಳ ಸಿಳ್ಳೆ. ದೋಣಿಗಳ ಬಿಳಿ ದೀಪಗಳು ಒಂದೊಂದು ದಿಕ್ಕಿಗೆ ನಿಧಾನ ತಿರುಗುತ್ತಿದ್ದವು. ಪಕ್ಕದವರು ನಮ್ಮಿಂದ ಹದಿನೈದು ಮೀಟರ್ ತನಕ ಬಂದು, ನಿಂತು, ಮತ್ತೆ ಹೋದರು.

ನಿಮ್ಮ ಕಬ್ಬಿಣದ ದೋಣಿ ಇಲ್ಲಿ ಇಲ್ಲ. ದಕ್ಷಿಣಕ್ಕೆ ಹೋಯಿತು ಅಂತ ಒಬ್ಬರು ಹೇಳಿದರು. ನಾವೂ ಮುಂದಿನ ವಾರ ಆ ಕಡೆಗೇ ಹೋಗುತ್ತೇವೆ. ನೋಡುತ್ತಿರುತ್ತೇನೆ.